ಪಾಪಕ್ಷಮೆ ಮತ್ತು ದೇಹಾರೋಗ್ಯ



ಕಫೆರ್ನವುಮಿನ ಆ ಮನೆಯನ್ನು ನೆನೆಯೋಣ. ನಾಲ್ವರು ಹೊತ್ತು ತಂದ ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ಬಿಚ್ಚಿ ಯೇಸುಸ್ವಾಮಿಯ ಮುಂದೆ ಇಳಿಸಿದರು. ಅವರು ಬಯಸಿ ಬಂದದ್ದು ದೇಹಾರೋಗ್ಯ. ಪ್ರಭು ಮೊದಲು ದಯಪಾಲಿಸಿದ್ದು ಪಾಪಕ್ಷಮೆ. ಧರ್ಮಶಾಸ್ತ್ರಿಗಳು ಮನದಲ್ಲೇ ಆಕ್ಷೇಪಿಸಿದಾಗ, ಕಣ್ಣಿಗೆ ಕಾಣದ ಆ ಕ್ಷಮೆಗೆ ಸಾಕ್ಷಿಯಾಗಿ ರೋಗಿಯನ್ನು ಎಬ್ಬಿಸಿ ನಡೆಸಿದರು.

ಹಾಗಾದರೆ ರೋಗವು ರೋಗಿಯ ಪಾಪಕ್ಕೆ ದಂಡನೆಯೇ? ಅಂಥ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಹುಟ್ಟುಕುರುಡನನ್ನು ಕುರಿತು ಶಿಷ್ಯರು ಹಾಗೆಯೇ ಕೇಳಿದಾಗ, ಪಾಪ ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲವೆಂದು ಪ್ರಭುವೇ ತಿಳಿಸಿದರು.

ಸಂತ ಯಕೋಬರ ಪತ್ರದ 5ನೆಯ ಅಧ್ಯಾಯವು, ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ಸಭೆಯ ಹಿರಿಯರನ್ನು ಕರೆಸಬೇಕೆಂದು ಹೇಳಿ, ಅಲ್ಲಿಯೇ ಪಾಪಕ್ಷಮೆಯ ಭರವಸೆಯನ್ನೂ ಕೊಡುತ್ತದೆ. ಆದರೂ ‘ಅಂತ್ಯಾಭ್ಯಂಗ’ವೆಂಬ ಹಳೆಯ ಹೆಸರಿಗೆ ಅಂಜಿ, ರೋಗಿಗೆ ಪ್ರಜ್ಞೆ ತಪ್ಪಿದ ಮೇಲೆ ಗುರುಗಳನ್ನು ಕರೆಸುವ ಮನೆಗಳು ಇನ್ನೂ ಇವೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ‘ರೋಗಿಗಳ ಅಭ್ಯಂಗ’ವೆಂಬ ಹೆಸರು ಹೆಚ್ಚು ತಕ್ಕುದೆಂದಿತು, 1972ರಲ್ಲಿ ಜಗದ್ಗುರು ಆರನೆಯ ಪೌಲರು ಅದರ ವಿಧಿಯನ್ನು ನವೀಕರಿಸಿದರು. ಅದು ಸಾವಿನ ಸೂಚನೆಯಲ್ಲ; ಬಳಲಿದವರಿಗೆ ಬಲ. ವೈದ್ಯರನ್ನೂ ಕರೆಯಿರಿ, ಗುರುಗಳನ್ನೂ ಸಕಾಲದಲ್ಲಿ ಕರೆಯಿರಿ.

ಅಭ್ಯಂಗ ಪಡೆದವರೆಲ್ಲರೂ ಹಾಸಿಗೆ ಬಿಟ್ಟೇಳುವುದಿಲ್ಲ. ಆದರೆ ಪಶ್ಚಾತ್ತಾಪಪಡುವ ಯಾರಿಗೂ ಕ್ಷಮೆ ಇಲ್ಲವೆನ್ನಲಾಗದು. ಪ್ರಭು ಆ ನಾಲ್ವರ ವಿಶ್ವಾಸವನ್ನು ಕಂಡರೆಂದು ಶುಭಸಂದೇಶ ಸಾರುತ್ತದೆ. ಶತಮಾನ ಪೂರೈಸಿದ ನಮ್ಮ ಧರ್ಮಕೇಂದ್ರವೂ ತನ್ನ ರೋಗಿಗಳನ್ನು ಆತನ ಬಳಿಗೆ ಹೊತ್ತು ತರುವ ಹೆಗಲಾಗಲಿ.