ಗರಿಪತಂಗದ ಗುರುತು

ರಾತ್ರಿ ದೀಪದ ಬಳಿ ಗೋಡೆಯ ಮೇಲೆ ಕುಳಿತ ಸಣ್ಣ ಹುಳುವೊಂದನ್ನು ಒಣಹುಲ್ಲಿನ ಚೂರೆಂದು ತಾವು ಎಂದಾದರೂ ಭ್ರಮಿಸಿರಬಹುದು. ಹತ್ತಿರ ಹೋಗಿ ನೋಡಿದರೆ ನೀಳವಾದ ಮೈ, ಎರಡು ಪಕ್ಕಗಳಿಗೂ ಕಡ್ಡಿಯಂತೆ ಚಾಚಿದ ರೆಕ್ಕೆಗಳು. ಇದೇ ಗರಿಪತಂಗ. ಈ ಕುಲದ ಬಹುಪಾಲು ಪತಂಗಗಳಲ್ಲಿ ಮುಂದಿನ ರೆಕ್ಕೆ ಎರಡಾಗಿಯೂ ಹಿಂದಿನ ರೆಕ್ಕೆ ಮೂರಾಗಿಯೂ ಸೀಳಿರುತ್ತದೆ. ಸೀಳುಗಳ ಅಂಚಿನಲ್ಲಿ ಹಕ್ಕಿಯ ಗರಿಗಿರುವಂತೆ ನವುರಾದ ಎಳೆಗಳಿರುತ್ತವೆ.

ಆದುದರಿಂದ ಕುಲವನ್ನು ಗುರುತಿಸುವುದು ಸುಲಭ. ಜಾತಿಯನ್ನು ಗುರುತಿಸುವುದು ಕಷ್ಟ. ಕಂದು, ಬೂದು, ಮಾಸಲು ಬಿಳುಪು—ಹಲವು ಜಾತಿಗಳ ಬಣ್ಣ ಇಷ್ಟೆ. ಹಾರಾಡಿ ರೆಕ್ಕೆಯ ಹುಡಿ ಉದುರಿದ ಮೇಲೆ ಇದ್ದ ಗೆರೆಗಳೂ ಅಳಿಸಿಹೋಗುತ್ತವೆ. ಆಗ ಶಾಸ್ತ್ರಜ್ಞರು ಸೂಕ್ಷ್ಮದರ್ಶಕದ ಕೆಳಗೆ ಜನನೇಂದ್ರಿಯಗಳ ರಚನೆಯನ್ನು ನೋಡಿ ನಿರ್ಣಯಿಸುತ್ತಾರೆ. ಆದರೆ ಸತ್ತ ಪತಂಗವನ್ನು ಕೇಳುವುದಕ್ಕೆ ಮುಂಚೆ ಬದುಕಿರುವ ಗಿಡವನ್ನು ಕೇಳುವ ದಾರಿಯೊಂದುಂಟು.

ಇಂಗ್ಲೆಂಡಿನ ದಕ್ಷಿಣಭಾಗದ ಜೌಗುನೆಲಗಳಲ್ಲಿ ಬಕ್ಲೇರಿಯ ಪಲುಡಂ ಎಂಬ ಗರಿಪತಂಗವಿದೆ. 'ಪಲುಡಂ' ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಜೌಗುಗಳ' ಎಂದರ್ಥ. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 12 ಮಿಲಿಮೀಟರು. ಬಣ್ಣ ಕಂದು. ಹಾರುವಾಗ ಸೊಳ್ಳೆಯೆಂದೇ ತೋರುವುದರಿಂದ ಇದನ್ನು ಬಲ್ಲವರು ವಿರಳ. ಇದರ ಮರಿಹುಳುವಿಗೆ ಡ್ರಾಸೆರ ಎಂಬ ಕೀಟಾಹಾರಿ ಗಿಡವೇ ಆಹಾರ. 1875ರಲ್ಲಿ ಪ್ರಕಟವಾದ ಡಾರ್ವಿನ್ನನ ಕೀಟಾಹಾರಿ ಸಸ್ಯಗಳ ಗ್ರಂಥದಲ್ಲಿ ಅರ್ಧಕ್ಕೂ ಮಿಕ್ಕ ಭಾಗ ಈ ಪುಟ್ಟ ಗಿಡಕ್ಕೆ ಮೀಸಲಾಗಿದೆ. ಅದರ ಎಲೆಯ ಮೇಲೆ ಕೆಂಪು ಕೂದಲುಗಳು. ಒಂದೊಂದರ ತುದಿಯಲ್ಲಿಯೂ ಇಬ್ಬನಿಯಂತೆ ಹೊಳೆಯುವ ಅಂಟಿನ ಹನಿ. ನೊಣ ಕುಳಿತರೆ ಸಿಕ್ಕಿ ಸಾಯುತ್ತದೆ. ಹೀಗೆ ಇತರ ಕೀಟಗಳಿಗೆ ಮೃತ್ಯುವಾದ ಎಲೆಯನ್ನೇ ಮೇಯ್ದು ಈ ಹುಳು ಬೆಳೆಯುತ್ತದೆ! ಅಲ್ಲಿ ಡ್ರಾಸೆರವನ್ನು ಆಶ್ರಯಿಸಿದ ಗರಿಪತಂಗ ಇದೊಂದೇ ಆದುದರಿಂದ, ಆ ಎಲೆಯ ಮೇಲೆ ಕಂಡ ಹುಳುವೇ ಪತಂಗದ ಹೆಸರನ್ನು ಹೇಳಿಬಿಡುತ್ತದೆ.

ಈ ಗುರುತು ಪಂಡಿತರ ವಿನೋದ ಮಾತ್ರವಲ್ಲ. ಕಾಲುವೆ ತೋಡಿ ಜೌಗನ್ನು ಬತ್ತಿಸಿದರೆ ಡ್ರಾಸೆರ ಅಳಿಯುತ್ತದೆ. ಅದನ್ನೇ ನಂಬಿದ ಪತಂಗವೂ ಅಳಿಯುತ್ತದೆ. ಗುರುತೇ ಇಲ್ಲದ ಜೀವಿ ಇಲ್ಲವಾದರೆ, ಇಲ್ಲವಾಯಿತೆಂದು ಹೇಳುವವರಾದರೂ ಯಾರು?

ತೊಗರಿಯ ಕಾಯನ್ನು ಕೊರೆಯುವ ಗರಿಪತಂಗದ ಹುಳು ನಮ್ಮ ರೈತರಿಗೆ ಪರಿಚಿತ. ಬೆಳೆಗೆ ಕೇಡು ಮಾಡುವುದರಿಂದ ಅದು ಹೆಸರು ಪಡೆಯಿತು. ಕೇಡು ಮಾಡದವುಗಳನ್ನು ಕೇಳುವವರಿಲ್ಲ. ನಮ್ಮ ಪಶ್ಚಿಮಘಟ್ಟದ ಕಲ್ಲುನೆಲಗಳಲ್ಲಿಯೂ ಡ್ರಾಸೆರದ ಜಾತಿಗಳುಂಟು. ಮಳೆಗಾಲದಲ್ಲಿ ಅತ್ತ ಹೋದಾಗ ತಾವು ಒಂದು ಗಳಿಗೆ ಬಗ್ಗಿ ಆ ಕೆಂಪು ಎಲೆಗಳನ್ನು ನೋಡಬೇಕು. ಪತಂಗ ಕಂಡರೆ, ಅದರ ಬಣ್ಣದೊಡನೆ ಅದು ಕುಳಿತ ಗಿಡವನ್ನೂ ಬರೆದಿಟ್ಟುಕೊಳ್ಳಬೇಕು. ಗುರುತಿನ ಅರ್ಧಭಾಗ ಅಲ್ಲಿಯೇ ಇದೆ.