ಆ ದನಿ ಇನ್ನೂ ಡ್ಯೂಟಿಯಲ್ಲಿದೆ

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಟಾಂಗ್ ಕೊಟ್ರು, ಯಾವ ಬಣ ದೆಹಲಿಗೆ ಹೋಯ್ತು, ಅದನ್ನೆಲ್ಲ ನಾಳೆ ನೋಡೋಣ. ಇವತ್ತು ನಾನು ಮಾತಾಡೋದು ಒಬ್ಬ ಧಾರಾವಾಹಿ ನಟಿಯ ಬಗ್ಗೆ. ಜೊತೆಗೆ ಸ್ವಲ್ಪ ನನ್ನ ತಪ್ಪಿನ ಬಗ್ಗೆ.

2024ರ ಜುಲೈ 11, ಗುರುವಾರ. ರಾತ್ರಿ ನಾನು ಇದೇ ಕುರ್ಚಿಯಲ್ಲಿದ್ದೆ. ಕಿವಿಯಲ್ಲಿ ಪಿಸಿಆರ್‌ನಿಂದ ದನಿ ಬಂತು: 'ಅಪರ್ಣಾ ಹೋಗ್ಬಿಟ್ರು, ತಗೊಳ್ಳಿ.' ಸುದ್ದಿ ಮನೆಯಲ್ಲಿ ಸಾವು ಹೀಗೇ ಬರುತ್ತೆ. ತಗೊಳ್ಳಿ ಅಂತ. ಕೆಂಪು ಪಟ್ಟಿ ಬಂತು, ಹಿನ್ನೆಲೆಗೆ ಡ್ರಮ್ ಬಂತು, ನನ್ನ ದನಿಯೂ ತಾನಾಗೇ ಎರಡು ಮೆಟ್ಟಿಲು ಮೇಲೇರಿತು. 'ಬಿಗ್ ಶಾಕಿಂಗ್ ನ್ಯೂಸ್' ಅಂದೆ. ಮೂರು ಸಲ ಅಂದೆ. ಆಮೇಲೆ ಫೋನ್ ಲೈನಿನಲ್ಲಿ ಅಳ್ತಾ ಇದ್ದ ಸಹನಟಿಯೊಬ್ಬರಿಗೆ ನಾನು ಕೇಳಿದ ಮೊದಲ ಪ್ರಶ್ನೆ: 'ಮೇಡಂ, ಈ ಕ್ಷಣ ನಿಮಗೆ ಏನನ್ನಿಸ್ತಾ ಇದೆ?' ಆ ಕಡೆಯಿಂದ ಉತ್ತರ ಬರಲಿಲ್ಲ. ಮೌನ ನಮ್ಮ ಚಾನೆಲ್‌ಗಳಿಗೆ ಆಗಿಬರೋದಿಲ್ಲ ನೋಡಿ, ಲೈನ್ ಕಟ್ ಆಗಿದೆ ಅಂತ ಸುಳ್ಳು ಹೇಳಿ ಮುಂದಕ್ಕೆ ಹೋದೆ.

ಲೈನ್ ಕಟ್ ಆಗಿರಲಿಲ್ಲ.

ಅಪರ್ಣಾ ಯಾರು ಅಂತ ಒಂದೇ ಮನೆಯಲ್ಲಿ ಮೂರು ಜನರನ್ನ ಕೇಳಿ, ಮೂರು ಉತ್ತರ ಸಿಗುತ್ತೆ. ನಮ್ಮಮ್ಮನಿಗೆ ಅವರು ದೂರದರ್ಶನದ ಅಪರ್ಣಾ. ಅಕ್ಕನಿಗೆ 'ಮೂಡಲ ಮನೆ', 'ಮುಕ್ತ' ಧಾರಾವಾಹಿಗಳ ಅಪರ್ಣಾ. ಅಕ್ಕನ ಮಗಳಿಗೆ ಅವರ ಹೆಸರೇ ಗೊತ್ತಿಲ್ಲ, ಅವಳಿಗೆ ಅವರು 'ಮಜಾ ಟಾಕೀಸ್'ನ ವರಲಕ್ಷ್ಮಿ.

ಚಿಕ್ಕಮಗಳೂರು ಜಿಲ್ಲೆಯ ಹುಡುಗಿ. ಹದಿಹರೆಯದಲ್ಲೇ ಸಿಕ್ಕ ಮೊದಲ ಸಿನಿಮಾ ಯಾವುದು ಗೊತ್ತಾ? 'ಮಸಣದ ಹೂವು'. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ. ಅಂಬರೀಷ್, ಜಯಂತಿ ಇದ್ದ ಚಿತ್ರ. ಕಲ್ಪನಾ, ಆರತಿಯಂಥವರಿಗೆ ಪಾತ್ರ ಕೊಟ್ಟ ಕೈಯಿಂದ ಪಾತ್ರ ಸಿಗೋದು ಅಂದ್ರೆ ತಮಾಷೆಯಲ್ಲ. ಆದ್ರೆ 1985ರಲ್ಲಿ ಪುಟ್ಟಣ್ಣ ತೀರಿಕೊಂಡರು. ಅಲ್ಲಿಂದಾಚೆ ಈ ಹುಡುಗಿಯನ್ನ ಕನ್ನಡಿಗರು ನೆನಪಿಟ್ಟುಕೊಂಡಿದ್ದು ಸಿನಿಮಾ ಪೋಸ್ಟರಿನಿಂದಲ್ಲ. ದನಿಯಿಂದ. ಆಕಾಶವಾಣಿ, ದೂರದರ್ಶನ, ಸರ್ಕಾರಿ ಸಮಾರಂಭಗಳ ವೇದಿಕೆ. 1998ರ ದೀಪಾವಳಿ ಕಾರ್ಯಕ್ರಮವನ್ನ ಸತತ ಎಂಟು ಗಂಟೆ ನಿರೂಪಿಸಿದರು. ಎಂಟು ಗಂಟೆ! ನಾನು ಒಂದು ಗಂಟೆ ಡಿಬೇಟ್ ಮುಗಿಸಿ ಬಿಸಿನೀರು ಕೇಳ್ತೀನಿ, ಅದರಲ್ಲೂ ಅರ್ಧ ಗಂಟೆ ಜಾಹೀರಾತು.

ಧಾರಾವಾಹಿ ಅಂದ್ರೆ ನಮ್ಮಲ್ಲಿ ಕೆಲವರಿಗೆ ಸಸಾರ. ಅಡುಗೆಮನೆ ಜಗಳ, ಮೂರು ಸಲ ತಿರುಗೋ ಮುಖ, ಅಷ್ಟೇ ತಾನೇ ಅಂತ. ಒಂದು ದಿನ ಸೆಟ್ಟಿಗೆ ಹೋಗಿ ನೋಡಿ ಸ್ವಾಮಿ. ವಾರಕ್ಕೆ ಐದು ಕಂತು ಗಾಳಿಗೆ ಹೋಗಲೇಬೇಕು. ಎಷ್ಟೋ ಸಲ ಸಂಭಾಷಣೆಯ ಹಾಳೆ ಕೈಗೆ ಸಿಗೋದು ಅದೇ ದಿನ ಬೆಳಿಗ್ಗೆ. ದಿನಕ್ಕಿಷ್ಟು ಅಂತ ಸಂಭಾವನೆ, ಶೂಟಿಂಗ್ ಇಲ್ಲ ಅಂದ್ರೆ ಅದೂ ಇಲ್ಲ. ನಿನ್ನೆ ಅತ್ತ ಕಣ್ಣಿಗೆ ಇವತ್ತು ಅದೇ ಸೀರೆ, ಅದೇ ಬಿಂದಿ ಹಚ್ಚಿಕೊಂಡು ಮತ್ತೆ ಅಳಬೇಕು. ಟಿಆರ್‌ಪಿ ಬಿತ್ತು ಅಂದ್ರೆ ಪಾತ್ರ ಅಮೆರಿಕಕ್ಕೆ ಹೋಗಿಬಿಡುತ್ತೆ, ಇಲ್ಲಾ ಆಕ್ಸಿಡೆಂಟ್‌ನಲ್ಲಿ ಸಾಯುತ್ತೆ. ಬೀದಿಯಲ್ಲಿ ಸಿಕ್ಕವರು ಪಾತ್ರದ ಹೆಸರು ಹಿಡಿದು ಬೈತಾರೆ, ಸ್ವಂತ ಹೆಸರು ಯಾರಿಗೂ ಬೇಡ.

ಇಂಥದ್ದರಲ್ಲೂ ವೈಶಾಲಿ ಕಾಸರವಳ್ಳಿ 'ಮೂಡಲ ಮನೆ' ಮಾಡಿದರು, ಟಿ.ಎನ್. ಸೀತಾರಾಂ 'ಮುಕ್ತ' ಮಾಡಿದರು. ನಮ್ಮ ಮಂಡ್ಯದ ಕಡೆ ಆಗ ಲೋಡ್ ಶೆಡ್ಡಿಂಗ್. ಕೋರ್ಟ್ ಸೀನ್ ಬರೋ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗೋದು. ಮರುದಿನ ನಲ್ಲಿ ಹತ್ತಿರ ಕಥೆ ತಿಳ್ಕೊಂಡು ಬರೋದು ಅಕ್ಕನ ಕೆಲಸ. ಆ ಧಾರಾವಾಹಿಗಳಲ್ಲಿ ಅಪರ್ಣಾ ಬಂದಾಗ ಮನೆಯ ಗಲಾಟೆ ತಾನಾಗೇ ಕಡಿಮೆಯಾಗ್ತಿತ್ತು. ಆಕೆ ಕೂಗ್ತಿರಲಿಲ್ಲ. ನಾವೇ ಸುಮ್ಮನಾಗ್ತಿದ್ವಿ.

2013ರಲ್ಲಿ ಬಿಗ್ ಬಾಸ್ ಕನ್ನಡದ ಮೊದಲ ಸೀಸನ್‌ಗೆ ಹೋದಾಗ ಮೂಗು ಮುರಿದವರಿದ್ದರು. 2015ರಲ್ಲಿ ಸೃಜನ್ ಲೋಕೇಶ್ ಜೊತೆ 'ಮಜಾ ಟಾಕೀಸ್'ಗೆ ಬಂದಾಗ ಇನ್ನೂ ಜಾಸ್ತಿ. ಅಚ್ಚ ಕನ್ನಡದ ನಿರೂಪಕಿ ಈ ವಯಸ್ಸಲ್ಲಿ ಕಾಮಿಡಿಗೆ ಇಳಿಯಬೇಕಿತ್ತಾ ಅಂತ. ನನ್ನ ಅಭಿಪ್ರಾಯ ಬೇರೆ. ವರಲಕ್ಷ್ಮಿ ಯಾರು? ಬಾಯಿ ಮುಚ್ಚದ, ತನ್ನನ್ನ ತಾನೇ ಹೊಗಳಿಕೊಳ್ಳೋ ಹೆಂಗಸು. ಅಂದ್ರೆ ಅಪರ್ಣಾ ಮೂವತ್ತು ವರ್ಷ ಕಟ್ಟಿದ ಗಾಂಭೀರ್ಯವನ್ನ ಅಪರ್ಣಾನೇ ಅಣಕಿಸಿದ್ದು. ಅದಕ್ಕೆ ಗುಂಡಿಗೆ ಬೇಕು. ಭಾಷೆ ಮೇಲೆ ಅಷ್ಟು ಹಿಡಿತ ಇದ್ದವರಿಗಷ್ಟೇ ಅದನ್ನ ಹಾಗೆ ಕೆಡಿಸೋಕೂ ಸಾಧ್ಯ.

ಈಗ ನನ್ನ ಕಥೆ. ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರ್. 2016ರಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಆ್ಯಂಕರ್ ಆಗ್ತೀನಿ ಅಂತ ಒಂದು ಕಡೆ ಆಡಿಷನ್‌ಗೆ ಹೋದೆ. ಹಕಾರ ನನ್ನ ನಾಲಿಗೆಗೆ ಬರ್ತಿರಲಿಲ್ಲ. ಹಲಸೂರು ನನ್ನ ಬಾಯಲ್ಲಿ ಅಲಸೂರು. ವಿಧಾನಸೌಧ ಅನ್ನೋದು ವಿದಾನಸೌದ, ಎರಡೂ ಮಹಾಪ್ರಾಣ ಮಂಗಮಾಯ. ಅಲ್ಲಿದ್ದ ಹಿರಿಯರೊಬ್ಬರು ಬೈಯಲಿಲ್ಲ. 'ಮೆಟ್ರೋ ಹತ್ತಪ್ಪ. ಬೈಯಪ್ಪನಹಳ್ಳಿಯಿಂದ ಮೈಸೂರು ರಸ್ತೆವರೆಗೆ ಹೋಗು, ವಾಪಸ್ ಬಾ. ಆಕೆ ಹೇಳಿದ್ದನ್ನ ಮೆಲ್ಲಗೆ ಹೇಳ್ಕೊಂಡು ಬಾ' ಅಂದರು. ಆ ಮಾರ್ಗ ಪೂರ್ತಿ ಓಡೋಕೆ ಶುರುವಾಗಿದ್ದ ವರ್ಷ ಅದು.

ಹೋದೆ. ಹದಿನೈದು ದಿನ ಹೋದೆ. ಪಕ್ಕದವರು ಹುಚ್ಚ ಅಂದ್ಕೊಂಡಿರಬೇಕು. ಹಲಸೂರು, ವಿಧಾನಸೌಧ, ಹೊಸಹಳ್ಳಿ. ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ, ಮೊದಲು ನಾನು ಯೋಚಿಸಿದ್ದು ಈ ರೆಕಾರ್ಡಿಂಗ್ ನಿಲ್ದಾಣ ಬಂದ ತಕ್ಷಣ ತಾನಾಗೇ ಹೇಗೆ ಪ್ಲೇ ಆಗುತ್ತೆ ಅಂತ. ಐದಾರು ದಿನ ಆದ ಮೇಲೆ ಗೊತ್ತಾಯ್ತು, ಗಮನಿಸಬೇಕಾದ್ದು ಅದಲ್ಲ. ಊರಿನ ಹೆಸರು ಹೇಳೋ ಮುಂಚೆ ಆಕೆ ಎಷ್ಟು ಕಡಿಮೆ ಉಸಿರು ಖರ್ಚು ಮಾಡ್ತಾರೆ ಅನ್ನೋದು. ಒತ್ತು ಇರೋ ಕಡೆ ಮಾತ್ರ ಒತ್ತು. ಉಳಿದಿದ್ದೆಲ್ಲ ಹಗುರ. ನನಗೆ ಯಾವ ಕಾಲೇಜೂ ಹೇಳಿಕೊಡದ ಪಾಠ ಅದು.

ಅವರನ್ನ ಒಮ್ಮೆಯೂ ಭೇಟಿ ಮಾಡಲಿಲ್ಲ. ಮಾಡಬಹುದಿತ್ತು. ನಾನಿರೋ ಕ್ಷೇತ್ರದಲ್ಲಿ ನಂಬರ್ ಸಿಗೋದು ಕಷ್ಟವಾ? ನಾಳೆ, ನಾಡಿದ್ದು ಅಂತಲೇ ಇದ್ದೆ. ಎರಡು ವರ್ಷದಿಂದ ಶ್ವಾಸಕೋಶದ ಕ್ಯಾನ್ಸರ್ ಇತ್ತು ಅಂತ ಅವರ ಪತಿ, ಸಾಹಿತಿ ನಾಗರಾಜ ವಸ್ತಾರೆ ಹೇಳಿದ ಮೇಲೆ ಬಹಳ ಜನರಂತೆ ನನಗೂ ತಿಳಿದದ್ದು. ಜಗತ್ತಿನ ಎಲ್ಲರ ಒಳಗುಟ್ಟು ನಮಗೆ ಮೊದಲು ಗೊತ್ತು ಅಂತ ಬೀಗೋ ಮಂದಿ ನಾವು. 57 ವರ್ಷಕ್ಕೆ ಹೋದರು.

ಅಂಥವರ ಸಾವಿನ ಸುದ್ದಿಯನ್ನ, ಅವರಿಂದಲೇ ಕಲಿತ ನಾಲಿಗೆಯಿಂದ, ನಾನು ಹೇಳಿದ ರೀತಿ ಅದು. ಡ್ರಮ್ ಹಾಕಿಕೊಂಡು. ಆ ಸಹನಟಿಗೆ ಮರುದಿನ ಫೋನ್ ಮಾಡಿ ಕ್ಷಮೆ ಕೇಳಿದೆ. 'ಪರವಾಗಿಲ್ಲ ಬಿಡಿ, ನಿಮ್ಮ ಕೆಲಸ' ಅಂದರು. ಆ ಮಾತು ಇನ್ನೂ ಚುಚ್ಚಿತು.

ಶನಿವಾರ ಶಿಫ್ಟ್ ಮುಗಿಸಿ ಮೆಟ್ರೋದಲ್ಲಿ ಮನೆಗೆ ಹೊರಟೆ. ಕಾರು ಇತ್ತು, ಬೇಕಂತಲೇ ಬಿಟ್ಟು ಬಂದಿದ್ದೆ. ಎದುರು ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಮೊಬೈಲ್ ನೋಡ್ತಾ ಕೂತಿದ್ರು, ಇಯರ್‌ಫೋನ್ ಇಲ್ಲ. ಕೇಳಿದ ದನಿ ಅನ್ನಿಸಿತು. ನಂದೇ. ಗುರುವಾರದ ಕ್ಲಿಪ್. 'ಬಿಗ್ ಶಾಕಿಂಗ್ ನ್ಯೂಸ್' ಅಂತ ನಾನು ಅರಚ್ತಾ ಇದ್ದೆ. ಮೇಲಿನ ಸ್ಪೀಕರ್‌ನಿಂದ ಅಪರ್ಣಾ ಅದೇ ಹೊತ್ತಿಗೆ ಶುರು ಮಾಡಿದರು, ಮುಂದಿನ ನಿಲ್ದಾಣ ಅಂತ. ನಾನು ತಲೆ ತಗ್ಗಿಸಿ ಕೂತೆ.

ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ಬಗ್ಗಿ ಆಕೆಗೆ ಹೇಳಿದರು: 'ಅಮ್ಮ, ಸ್ವಲ್ಪ ಆ ಸೌಂಡ್ ಕಮ್ಮಿ ಮಾಡ್ತೀಯಾ? ಯಾವ ಸ್ಟೇಷನ್ನು ಅಂತ ಕೇಳಿಸ್ತಿಲ್ಲ.'

ಆಕೆ ನನ್ನನ್ನ ಮ್ಯೂಟ್ ಮಾಡಿದರು. ಹೊಸಹಳ್ಳಿ ಬಂತು. ನಾನು ಇಳಿದೆ.