ಬೆಟ್ಟದ ಹುಟ್ಟು, ಧರೆಯ ಕುಸಿತ

(ಉಪನ್ಯಾಸದ ಸಂಗ್ರಹ)



ಧರೆ ಜರಿಯುವುದೋ ನಿಲ್ಲುವುದೋ ಎಂಬುದು ಆ ವರ್ಷದ ಮಳೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಬೆಟ್ಟದ ಹುಟ್ಟಿಗೂ ಅದರಲ್ಲಿ ಪಾಲಿದೆ. ಅಮೆರಿಕದ ಒರೆಗಾನ್ ರಾಜ್ಯದ ಕ್ಯಾಸ್ಕೇಡ್ ಪರ್ವತಸಾಲು ಇದಕ್ಕೆ ಉತ್ತಮ ನಿದರ್ಶನ.

ಸುಮಾರು 5 ಕೋಟಿ ವರ್ಷಗಳ ಹಿಂದೆ, ಸಾಗರದಲ್ಲಿ ಲಾವಾದಿಂದ ರೂಪುಗೊಂಡಿದ್ದ ಸಿಲೆಟ್ಸಿಯಾ ಎಂಬ ಭೂಭಾಗವು ಉತ್ತರ ಅಮೆರಿಕದ ಅಂಚಿಗೆ ಬಂದು ಬೆಸೆದುಕೊಂಡಿತು. ಬಳಿಕ ಅದರ ಪಶ್ಚಿಮದಲ್ಲಿ ಫರಾಲನ್ ಎಂಬ ಸಾಗರಫಲಕವು ಭೂಖಂಡದಡಿಗೆ ಇಳಿಯತೊಡಗಿತು. ಇಳಿದ ಫಲಕ ಹೊರಬಿಟ್ಟ ನೀರು ಮೇಲಿನ ಬಿಸಿಶಿಲೆಯನ್ನು ಸೇರಿದಾಗ ಶಿಲೆ ಸುಲಭವಾಗಿ ಕರಗಿ, ಶಿಲಾರಸವಾಗಿ ಮೇಲೇರಿತು. ಸುಮಾರು 4 ಕೋಟಿ ವರ್ಷಗಳ ಹಿಂದೆ ಅಲ್ಲಿ ಜ್ವಾಲಾಮುಖಿಗಳ ಸಾಲು ನೆಲೆಗೊಂಡಿತು.

ಆ ಮೊದಲ ಸಾಲಿನ ಅವಶೇಷವೇ ಇಂದಿನ ಪಶ್ಚಿಮ ಕ್ಯಾಸ್ಕೇಡ್. ಅದರ ಬೂದಿ ಮತ್ತು ಕಲ್ಲುಚೂರುಗಳ ಪದರಗಳು ಹಲವೆಡೆ ಶಿಥಿಲಗೊಂಡು ಜೇಡಿಯಾಗಿವೆ. ನೀರು ಆಳಕ್ಕಿಳಿಯುವುದು ಕಡಿಮೆ. ಆದ್ದರಿಂದ ಹೊಳೆಗಳು ಮಳೆಗೆ ಬೇಗ ಉಕ್ಕಿ ಬೇಸಿಗೆಯಲ್ಲಿ ಸೊರಗುತ್ತವೆ. ಪಕ್ಕದ ಎಳೆಯ ಹೈ ಕ್ಯಾಸ್ಕೇಡ್‌ನಲ್ಲಿಯಾದರೋ ಬಿರುಕುಗಳುಳ್ಳ ಲಾವಾ ನೀರನ್ನು ಹೀರಿ, ಬೇಸಿಗೆಯುದ್ದಕ್ಕೂ ಒರತೆಗಳಿಗೆ ಉಣಿಸುತ್ತದೆ.

ಪಶ್ಚಿಮ ಕ್ಯಾಸ್ಕೇಡ್‌ನಲ್ಲಿ 1948ರಲ್ಲಿ ಸ್ಥಾಪಿತವಾದ ಆಂಡ್ರೂಸ್ ಪ್ರಾಯೋಗಿಕ ಅರಣ್ಯದ ಅಧ್ಯಯನವೊಂದು 1975ರಲ್ಲಿ ಪ್ರಕಟವಾಯಿತು. ಲಾವಾ ಹಾಸಿದ ಮೇಲ್ಭಾಗ ಸ್ಥಿರವಾಗಿತ್ತು. ಸುಮಾರು 1,000 ಮೀಟರ್‌ಗಿಂತ ಕೆಳಗಿನ, ಶಿಥಿಲ ಪದರಗಳ ಇಳಿಜಾರು ಜರಿಯುತ್ತಿತ್ತು. ಆ ದುರ್ಬಲ ವಲಯದೊಳಗೇ, ಕಾಡಿದ್ದ ಜಾಗಕ್ಕಿಂತ ಬೋಳುಗಡಿದ ಜಾಗದಲ್ಲಿ ಕುಸಿತದ ಸವಕಳಿ 2.8 ಪಟ್ಟು, ರಸ್ತೆ ಕಡಿದಲ್ಲಿ 30 ಪಟ್ಟು ಹೆಚ್ಚಿತ್ತು. ದೌರ್ಬಲ್ಯ ಬೆಟ್ಟದ ಹುಟ್ಟಿನಿಂದ ಬಂದದ್ದು. ಅದನ್ನು ಹಲವು ಪಟ್ಟು ಬೆಳೆಸಿದವನು ಮನುಷ್ಯ.

ನಮ್ಮ ಮಲೆನಾಡಿನ ಶಿಲೆಗಳ ಚರಿತ್ರೆ ಬೇರೆ. ಬಹುಪಾಲು 250 ಕೋಟಿ ವರ್ಷಗಳಿಗೂ ಹಿಂದಿನವು. ಆದರೆ ಇಲ್ಲಿಯೂ ಹಲವೆಡೆ ಜಂಬಿಟ್ಟಿಗೆಯ ಕೆಳಗೆ ಶೇಡಿ ಮಣ್ಣಿದೆ. ಒಣಗಿದಾಗ ಗಟ್ಟಿಯಾಗಿ ತೋರುವ ಅದು ನೀರು ಕುಡಿದರೆ ಬಲಗುಂದುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದುದನ್ನು ಕಂಡ ನಾವು ಇದನ್ನು ಕಡೆಗಣಿಸಲಾಗದು.

ಆದುದರಿಂದ ಹೊಸ ರಸ್ತೆಯ ಪ್ರಸ್ತಾಪ ಗ್ರಾಮಸಭೆಗೆ ಬಂದಾಗ ಮೂರು ಪ್ರಶ್ನೆ ಕೇಳೋಣ: ಕಡಿಯುವ ಧರೆಯ ಒಳಗೆ ಯಾವ ಮಣ್ಣಿದೆ? ಮೇಲಿನ ನೀರು ಎಲ್ಲಿಗೆ ಹರಿಯುತ್ತದೆ? ಅಗೆದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ? ಒರತೆಗಳ ನೆಲೆಯನ್ನು ಹಿರಿಯರು ಬಲ್ಲರು. ಅವನ್ನೂ ಗುಡ್ಡದ ಬಿರುಕುಗಳನ್ನೂ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲೇ ನಕ್ಷೆಗಿಳಿಸಲಿ. ಮಳೆ ಹಿಡಿದ ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ದೊರೆತರೂ ಉಪಯೋಗವಿರದು.